ಪಾರ್ವತಕ್ಕ ಒಳಗೆ ಕೂತು ಉಂಡರು

ಬುತ್ತಿ ಕಟ್ಟಿಕೊಂಡು ಬಂದವರನ್ನು ಪಾರ್ವತಕ್ಕ ಸ್ಟೇಷನ್ನಿನಿಂದಲೇ ವಾಪಸ್ ಅಟ್ಟುತ್ತಿದ್ದರು. ತಮಾಷೆಗಲ್ಲ, ನಿಜವಾಗಿಯೂ. ಬರ್ಮಿಂಗ್‌ಹ್ಯಾಮಿಗೆ ಹೊಸದಾಗಿ ಬಂದ ಕನ್ನಡದವರಿಗೆ ಡಿಸೆಂಬರಿನ ಒಂದು ಶನಿವಾರ ಊರು ತೋರಿಸುವುದು ಅವರು ತಾವೇ ಮೈಮೇಲೆ ಹಾಕಿಕೊಂಡ ಕೆಲಸ. ಯಾರೂ ಕೇಳಿರಲಿಲ್ಲ, ಯಾರೂ ಬೇಡ ಅನ್ನುವ ಹಾಗೂ ಇರಲಿಲ್ಲ. ಸೆಲ್ಲಿ ಓಕ್ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಬ್ಯಾಗನ್ನೂ ಹೊರಗಿನಿಂದ ಒತ್ತಿ ನೋಡುವರು. ಡಬ್ಬಿ ಕೈಗೆ ತಗುಲಿತೋ, ಮುಗಿಯಿತು.

“ಇದನ್ನ ಮನೀಗೆ ಒಯ್ದು ಇಟ್ಟು ಬರ್ರಿ. ಮುಂದಿನ ಟ್ರೇನಿಗೆ ಬಂದ್ರೂ ನಡೀತೈತಿ, ನಾವು ಕಾಯ್ತೀವಿ.”

ಕೆಲವರಿಗೆ ಸಿಟ್ಟು ಬರುತ್ತಿತ್ತು. ಬರಲಿ ಬಿಡಿ. ಹೊರಗಿನ ಊಟ ದುಬಾರಿ ಅನ್ನುವವರಿಗೆ, ಅಗ್ಗದಲ್ಲಿ ಹೊಟ್ಟೆ ತುಂಬ ಹಾಕುವ ಜಾಗ ನನಗೆ ಗೊತ್ತಿದೆ ಅನ್ನುವರು. ಇಲ್ಲಿ ನಮಗೇನು ಸಿಗುತ್ತೆ, ನಾವು ವೆಜಿಟೇರಿಯನ್ ಅನ್ನುವವರಿಗೆ ತಮ್ಮ ಹಣೆಯನ್ನೇ ತೋರಿಸುವರು. ಅಲ್ಲಿ ಮೂರು ಬೆರಳಗಲದ ವಿಭೂತಿ. ಉಣ್ಣೆಯ ಟೋಪಿಯಿಂದ ಅದು ಮುಚ್ಚಬಾರದೆಂದು ಟೋಪಿಯನ್ನು ನೆತ್ತಿಯ ಹಿಂದಕ್ಕೆ ತಳ್ಳಿರುತ್ತಿದ್ದರು. ಕಿವಿ ಎರಡೂ ಚಳಿಗೆ ಕೆಂಪಾಗಿರುತ್ತಿದ್ದವು. ಚಟ್ನಿಪುಡಿಗೆ ಮಾತ್ರ ವಿನಾಯಿತಿ. ಅವರ ಪರ್ಸಿನಲ್ಲೇ ಶೇಂಗಾ ಚಟ್ನಿಪುಡಿಯ ಪುಟ್ಟ ಬಾಟಲಿ ಇರುತ್ತಿತ್ತು. “ಅದು ಬುತ್ತಿ ಅಲ್ಲವ್ವಾ, ಔಷಧ” ಅನ್ನುವರು.

ಆಳು ಗಿಡ್ಡ. ಎಪ್ಪತ್ತು ದಾಟಿದ ಮೇಲೂ ನಡಿಗೆ ಬಿರುಸು. ಗುಂಪಿನಲ್ಲಿ ಯಾರೂ ತಮ್ಮನ್ನು ಕಳೆದುಕೊಳ್ಳಬಾರದೆಂದು ರಸ್ತೆ ರಿಪೇರಿಯವರು ಹಾಕುವ ಹಳದಿ ಜಾಕೆಟ್ ಹಾಕುತ್ತಿದ್ದರು. ನಮ್ಮವರ ಕೂಟಗಳಲ್ಲಿ ಮಂಗಳೂರಿನವರು, ಬೆಳಗಾವಿಯವರು, ಎಲ್ಲರೂ ಮೆಲ್ಲಗೆ ಬೆಂಗಳೂರಿನ ಕನ್ನಡಕ್ಕೆ ಜಾರಿಬಿಡುತ್ತಾರೆ. ಪಾರ್ವತಕ್ಕ ಜಾರಲಿಲ್ಲ. ನಲವತ್ತು ವರ್ಷ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದುಡಿದು, ಹಾರ್ಬೋರ್ನ್ ಬಡಾವಣೆಯಲ್ಲಿ ಡಾಕ್ಟರ್ ಮಗನ ಜೊತೆಗಿದ್ದರೂ ಗದಗದ ಮಾತು ಗದಗದ್ದೇ. “ನನ್ನ ಕನ್ನಡಕ್ಕ ಪೌಡರ್ ಹಚ್ಚೂದಿಲ್ಲ ನಾ” ಅನ್ನುತ್ತಿದ್ದರು. ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅದಕ್ಕೂ ಗದಗದಲ್ಲೇ ಮರು ಉತ್ತರ.

ನಾನು ಅವರ ಕೈಗೆ ಸಿಕ್ಕಿಬಿದ್ದದ್ದು ಬಸ್ ಸ್ಟಾಪಿನಲ್ಲಿ. ಆಗ ನಾನು ಸೆಲ್ಲಿ ಓಕಿನಲ್ಲಿ ಆರು ಜನರ ಮನೆಯಲ್ಲಿ ಒಂದು ರೂಮು ಹಿಡಿದಿದ್ದ ವಿದ್ಯಾರ್ಥಿನಿ. ಅಡುಗೆಮನೆಯಲ್ಲಿ ನನ್ನ ಒಗ್ಗರಣೆಗೆ ಉಳಿದ ಐವರೂ ಕಿಟಕಿ ತೆರೆಯುತ್ತಿದ್ದರು. ಹಾಗಾಗಿ ಚಿತ್ರಾನ್ನದ ಡಬ್ಬಿ ಹಿಡಿದು ಬಸ್ ಸ್ಟಾಪಿಗೆ ಬಂದು, ಕೊಡೆಯನ್ನು ಭುಜಕ್ಕೆ ಆನಿಸಿಕೊಂಡು ಬೇಗ ಬೇಗ ನುಂಗುತ್ತಿದ್ದೆ. ಹಳದಿ ಜಾಕೆಟ್ಟೊಂದು ಎದುರು ಬಂದು ನಿಂತಿತು.

“ಕನ್ನಡದಾಕೀನಾ?”

“ಹೌದು. ಹೇಗೆ ಗೊತ್ತಾಯ್ತು ಆಂಟಿ?”

“ಚಿತ್ರಾನ್ನ ನೋಡಿದ್ರ ಗೊತ್ತಾಗೂದಿಲ್ಲೇನು? ಯಾಕ ನಿಂತು ಉಣ್ಣಾಕತ್ತೀಯವ್ವಾ? ಈ ಊರಾಗ ಕುರ್ಚಿ ತೀರಿ ಹೋಗ್ಯಾವೇನು? ಯಾರದರ ಕದ್ದುಕೊಂಡು ಬಂದೀಯೇನು ಅದನ್ನ?”

ನನಗೆ ಅಳು ಬಂತು. ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ತೋಳು ಹಿಡಿದು ರಸ್ತೆಯಾಚೆಯ ಚಹಾದಂಗಡಿಗೆ ಎಳೆದುಕೊಂಡು ಹೋಗಿ, ಮೇಜಿನೆದುರು ಕೂರಿಸಿ, ಟೋಸ್ಟ್ ತರಿಸಿ, “ಈಗ ಅಳು, ಬೆಚ್ಚಗೈತಿ” ಅಂದರು.

ಬುತ್ತಿಯ ಮೇಲೆ ಅವರಿಗೆ ಆ ಸಿಟ್ಟು ಏಕೆಂದು ಗೊತ್ತಾದದ್ದು ಆಮೇಲೆ. ಅವರು ಬಂದ ಮೊದಲ ಚಳಿಗಾಲ, ಗಂಡನ ಜೊತೆ, ಕಂಕುಳಲ್ಲಿ ಮಗ ಮಹಾಂತೇಶನನ್ನು ಎತ್ತಿಕೊಂಡು ಊರು ನೋಡಲು ಹೊರಟಿದ್ದರಂತೆ. ಗಂಡ ಹೊರಗಿನದೇನೂ ಮುಟ್ಟದ ಮನುಷ್ಯ. ಕಾಲುವೆಯ ಪಕ್ಕದ ಬೆಂಚಿನ ಮೇಲೆ ರೊಟ್ಟಿ ಬಿಚ್ಚಿದರೆ ಮೇಲಿಂದ ಸೋನೆ. ರೊಟ್ಟಿ ನೆನೆಯಿತು, ಕೂಸು ಚಳಿಗೆ ನೀಲಿಗಟ್ಟಿತು. ಎದುರಿಗೇ ಹೋಟೆಲಿನ ಗಾಜು, ಒಳಗೆ ಬೆಳಕು. ಒಳಗಿದ್ದವರು ಇವರನ್ನು ನೋಡಿ, ಆಮೇಲೆ ನೋಡದವರ ಹಾಗೆ ಮುಖ ತಿರುಗಿಸಿದರು.

“ರಾತ್ರಿ ಪಾಳಿ ಮಾಡಿ ಅವರ ಮಂದಿಯ ಕುಂಡಿ ತೊಳದೀನಿ ನಾ. ಟ್ಯಾಕ್ಸ್ ಕಟ್ಟೀನಿ. ಆ ಗಾಜಿನ ಹೊರಗ ಯಾಕ ಕುಂದರಬೇಕು? ಅವತ್ತ ಠರಾಯಿಸಿಬಿಟ್ಟೆ. ಈ ಊರಾಗ ನಾ ಇನ್ನ ಒಳಗ ಕೂತೇ ಉಣ್ಣಾಕಿ.”

ಗಂಡನಿಗೂ ಮುಂದೆ ಅದೇ ಅಭ್ಯಾಸ ಮಾಡಿಸಿದರು. ಆತ ತೀರಿಕೊಂಡ ಮೇಲೆ ಊರಿಗೆ ಬಂದವರಿಗೆಲ್ಲ ಮಾಡಿಸಿದರು.

ಅವರ ಊರು ತೋರಿಸುವಿಕೆಗೆ ಒಂದು ಕ್ರಮವಿತ್ತು. ಮೊದಲು ಮಾರ್ಕೆಟ್ಟಿನ ಹತ್ತಿರದ ಕಂಚಿನ ಗೂಳಿ. ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಪಾರ್ವತಕ್ಕ ಅದರ ಮೂತಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. “ಬಸವಣ್ಣ ಇಲ್ಲೇ ಅದಾನ, ಲಿಂಗ ನನ್ನ ಕೊರಳಾಗೈತಿ. ಗುಡಿಗೆ ಇನ್ನೇನು ಬೇಕು?” ಆಮೇಲೆ ಕಾಲುವೆಯ ದಂಡೆ, ಕಬ್ಬಿಣದ ಕಮಾನು ಸೇತುವೆಗಳು, ಮೈತುಂಬ ಬಣ್ಣ ಬಳಿದುಕೊಂಡ ಉದ್ದನೆಯ ದೋಣಿಗಳು. ಆಮೇಲೆ ಮೈಮೇಲೆಲ್ಲ ಲೋಹದ ಬಳೆ ತೊಟ್ಟ ದೊಡ್ಡ ಲೈಬ್ರರಿ, ಅದರ ಮೇಲಂತಸ್ತಿನ ತೆರೆದ ಕೈತೋಟ. ಅಲ್ಲಿಂದ ಇಡೀ ಊರು ಕಾಣುತ್ತದೆ. ಒಂದಕ್ಕೂ ಟಿಕೆಟ್ ಇಲ್ಲ. ಲಂಡನ್ನು, ಪ್ಯಾರಿಸ್ಸು ಅಂತ ಯಾರಾದರೂ ಬಾಯಿಬಿಟ್ಟರೆ, “ಅಲ್ಲಿ ನಿಮ್ಮನ್ನ ಯಾರೂ ಕರದಿಲ್ಲ. ಇಲ್ಲಿ ನಾ ಕರದೀನಿ” ಎಂದು ಬಾಯಿ ಮುಚ್ಚಿಸುವರು. ಕೊನೆಗೆ ಮಾರ್ಕೆಟ್ಟಿನೊಳಗಿನ ಜೀನಮ್ಮನ ಹೋಟೆಲು.

ಜೀನ್ ಇಲ್ಲೇ ಹುಟ್ಟಿ ಬೆಳೆದ ಇಂಗ್ಲಿಷ್ ಹೆಂಗಸು, ಎಲ್ಲರನ್ನೂ ಈ ಊರಿನ ರೂಢಿಯಂತೆ ‘ಬ್ಯಾಬ್’ ಅನ್ನುವಾಕೆ, ಅಂದರೆ ನಮ್ಮ ‘ಪುಟ್ಟಿ’ ಇದ್ದ ಹಾಗೆ. ಪಾರ್ವತಕ್ಕನೂ ಆಕೆಗೆ ಬ್ಯಾಬೇ. ಅಲ್ಲಿ ಸಿಪ್ಪೆಸಮೇತ ಸುಟ್ಟ ದೊಡ್ಡ ಆಲೂಗಡ್ಡೆ, ಅದರ ಮೇಲೆ ಬೆಣ್ಣೆ, ಬೀನ್ಸ್, ಪಕ್ಕದಲ್ಲಿ ಮಗ್ಗಿನ ತುಂಬ ಚಹಾ. ಅದರ ಮೇಲೆ ಪಾರ್ವತಕ್ಕನ ಔಷಧ ಉದುರಿದರೆ, ಎಂಥ ಚಳಿಯೂ ಓಡಬೇಕು.

ಉಣ್ಣುವ ಮುಂಚೆ ಅವರದೊಂದು ನೇಮವಿತ್ತು. ಪಾರ್ವತಕ್ಕ ಲಿಂಗಾಯತರು. ಇಷ್ಟಲಿಂಗವಿದ್ದ ಬೆಳ್ಳಿಯ ಪುಟ್ಟ ಕರಡಿಗೆ ಶಿವದಾರದಲ್ಲಿ ಕೊರಳಿಂದ ಇಳಿಬಿದ್ದಿರುತ್ತಿತ್ತು. ಎರಡು ಹೊತ್ತೂ ಲಿಂಗಪೂಜೆ ಆಗದೆ ಅವರು ಉಣ್ಣುವವರಲ್ಲ. ಅದನ್ನೂ ಮರೆಯಲ್ಲಿ ಮಾಡುತ್ತಿರಲಿಲ್ಲ. ಕಾಗದದ ಕರವಸ್ತ್ರ ಹಾಸಿ, ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಅದನ್ನೇ ನೋಡುತ್ತ ಕೂರುವರು. ಎರಡು ಮೂರು ನಿಮಿಷ. ಸುತ್ತ ಮೀನು ಮಾರುವವರ ಕೂಗು, ತಟ್ಟೆಗಳ ಸದ್ದು. ಜೀನ್ ಅಷ್ಟು ಹೊತ್ತು ಚಹಾ ಹಿಡಿದು ಕಾಯುತ್ತಿದ್ದಳು. ಮೊದಲ ಸಲ ನೋಡಿದಾಗ ನನಗೆ ನಾಚಿಕೆಯಾಗಿತ್ತು. ಈಗ ಆ ನಾಚಿಕೆಯನ್ನು ನೆನೆದರೆ ನಾಚಿಕೆಯಾಗುತ್ತದೆ.

ನಾನು ಹೇಳಹೊರಟದ್ದು ಹೋದ ವರ್ಷದ ಡಿಸೆಂಬರಿನ ಶನಿವಾರದ ಮಾತು. ಅಷ್ಟರಲ್ಲಿ ನನಗೆ ಹತ್ತಿರದ ಲೆಮಿಂಗ್ಟನ್ ಸ್ಪಾ ಎಂಬ ಊರಿನ ವಿಡಿಯೋ ಗೇಮ್ ಮಾಡುವ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತ್ತು. ನನ್ನ ಜೊತೆ ಕೆಲಸ ಮಾಡುವ ಕಾರ್ತಿಕ್ ಮತ್ತು ಅವನ ಹೆಂಡತಿ ಮೇಘನಾಳನ್ನು ಊರು ನೋಡಲು ಕರೆದುಕೊಂಡು ಬಂದಿದ್ದೆ. ಉಳಿದವರೆಲ್ಲ ಚಳಿಗೆ ಹೆದರಿ ತಪ್ಪಿಸಿಕೊಂಡಿದ್ದರು, ನಾವು ನಾಲ್ಕೇ ಜನ. ಬೆಳಿಗ್ಗೆ ಗೂಳಿ, ಕಾಲುವೆ ಎಲ್ಲ ಆಯಿತು. ಲೈಬ್ರರಿಯ ಮೇಲಿನ ತೋಟದಲ್ಲಿ ಗಾಳಿ ಮುಖ ಕೊಯ್ಯುತ್ತಿತ್ತು. ಮೇಘನಾಳ ಕಿವಿಗೆ ಏನೂ ಇರಲಿಲ್ಲ. ಪಾರ್ವತಕ್ಕ ತಮ್ಮ ಮಫ್ಲರನ್ನು ಸರ್ರನೆ ಬಿಚ್ಚಿ ಅವಳ ತಲೆಗೆ ಸುತ್ತಿದರು. “ಬ್ಯಾಡ ಅನಬ್ಯಾಡ. ಬೆಂಗಳೂರಿನ ಕಿವಿ ಅವು.”

ಮಧ್ಯಾಹ್ನ ಜೀನಮ್ಮನ ಹೋಟೆಲಿನಲ್ಲಿ ತಟ್ಟೆಗಳು ಬಂದವು. ಪಾರ್ವತಕ್ಕ ಕೈ ತೊಳೆದು ಬಂದು, ಕರವಸ್ತ್ರ ಹಾಸಿ, ಜಾಕೆಟ್ಟಿನ ಜಿಪ್ ಇಳಿಸಿ ಕೊರಳಿಗೆ ಕೈ ಹಾಕಿದರು. ಕೈ ಒಳಗೇ ನಿಂತಿತು. ಸ್ವೆಟರ್ ಎತ್ತಿದರು, ಕಿಸೆಗಳನ್ನು ಒದರಿದರು. ಮೇಘನಾ ತಲೆಯಿಂದ ಮಫ್ಲರ್ ಬಿಚ್ಚಿದಾಗ ಅದರ ಉಣ್ಣೆಗೆ ಸಿಕ್ಕಿಕೊಂಡು ಶಿವದಾರದ ಎರಡು ಗೇಣು ತುಂಡು ಜೋತಾಡಿತು. ಅಷ್ಟೇ. ಕರಡಿಗೆ ಇಲ್ಲ, ಲಿಂಗ ಇಲ್ಲ.

ಅವರ ಮುಖ ಹಾಗಾದದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಹುಟ್ಟಿದ ಕೆಲವೇ ದಿನಕ್ಕೆ ಗುರುಗಳು ಕಟ್ಟಿದ ಲಿಂಗ ಅದು. ಎಪ್ಪತ್ತು ವರ್ಷ ಮೈಮೇಲಿಂದ ಇಳಿದಿರಲಿಲ್ಲ. ಹೆರಿಗೆಯ ದಿನವೂ ಕೊರಳಲ್ಲಿತ್ತು.

“ನೀವು ಉಣ್ರಿ, ಆರತೈತಿ” ಅಂದರು. ಯಾರು ಉಣ್ಣುತ್ತಾರೆ? ತಟ್ಟೆಗಳನ್ನು ಹಾಗೇ ಬಿಟ್ಟು ಎದ್ದೆವು.

ಬೆಳಿಗ್ಗೆ ನೋಡಿದ ಊರನ್ನು ಈಗ ತಲೆ ಬಗ್ಗಿಸಿಕೊಂಡು ಮತ್ತೆ ನೋಡಿದೆವು. ಲೈಬ್ರರಿಯ ತೋಟದಲ್ಲಿ ಹಿಮಗಟ್ಟಿದ ಲ್ಯಾವೆಂಡರ್ ಗಿಡಗಳ ಬುಡಕ್ಕೆ ಕೈ ಹಾಕಿ ಹಾಕಿ ನಮ್ಮ ಬೆರಳು ಮರಗಟ್ಟಿದವು. ಕಾವಲಿನವನು ಟಾರ್ಚ್ ತಂದು ಮೊಣಕಾಲೂರಿ ಹುಡುಕಿದ. ಗೋಡೆಯಿಂದಾಚೆ ಬಿದ್ದಿದ್ದರೆ ಎಂದು ಕೆಳಗಿನ ಬೀದಿಯನ್ನೂ ಜಾಲಾಡಿದೆವು. ಕಳೆದ ವಸ್ತುಗಳ ಕೌಂಟರಿನಲ್ಲಿ ಒಬ್ಬ ಯುವಕ ಫಾರಂ ತುಂಬುತ್ತ ಕೇಳಿದ, ವಸ್ತು ಎಂಥದು, ಒಡವೆಯೇ?

ಪಾರ್ವತಕ್ಕ ಇಂಗ್ಲಿಷಿನಲ್ಲಿ ಹೇಳಿದರು, “ಬೆಳ್ಳಿ ಹೋದರೆ ಹೋಗಲಿ. ಅದರೊಳಗೆ ಕಪ್ಪಗೆ, ನಿಂಬೆಹಣ್ಣಿನಷ್ಟು, ನನ್ನ ದೇವರಿದೆ.”

ಯುವಕ ಮರ್ಯಾದೆಯಿಂದಲೇ ಕೇಳಿದ, ಅದಕ್ಕೆ ಬೆಲೆ ಇರುವುದು ಭಾವನೆಯ ಲೆಕ್ಕದಲ್ಲಿ ಎಂದು ಬರೆಯಲೇ?

“ಇಲ್ಲ. ನಿಜವಾದ ಬೆಲೆ ಅಂತಲೇ ಬರಿ.”

ಅವನು ಹಾಗೇ ಬರೆದುಕೊಂಡ.

ಮೂರೂವರೆ ಆಗಿತ್ತು. ಪಾರ್ವತಕ್ಕನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿ ಎರಡು ಬಿಸ್ಕತ್ತು ತಿಂದದ್ದಷ್ಟೇ. ಕೌಂಟರಿನ ಅಂಚು ಹಿಡಿದು ನಿಂತಿದ್ದರು, ಹಣೆಯ ವಿಭೂತಿ ಆ ಚಳಿಯಲ್ಲೂ ಬೆವರಿಗೆ ಕರಗುತ್ತಿತ್ತು. ನಾನು ಹೆದರಿ ಮಹಾಂತೇಶ್ ಅವರಿಗೆ ಫೋನ್ ಹಚ್ಚಿದೆ. ಅವರು ಡ್ಯೂಟಿಯಲ್ಲಿದ್ದರು, ವಿಷಯ ಕೇಳಿ ಇಟ್ಟರು. ಐದು ನಿಮಿಷ ಬಿಟ್ಟು ವಾಪಸ್ ಮಾಡಿದರು. ಅಷ್ಟರೊಳಗೆ ಅವರು ಮ್ಯಾಂಚೆಸ್ಟರಿನ ಅಯ್ಯನವರನ್ನು ಕೇಳಿಯಾಗಿತ್ತು. ಅಯ್ಯನವರೆಂದರೆ ನಿವೃತ್ತ ಎಂಜಿನಿಯರ್. ಇಲ್ಲಿನ ಲಿಂಗಾಯತ ಮನೆಗಳ ಶುಭ, ಅಶುಭ ಎಲ್ಲಕ್ಕೂ ಅವರೇ ಬರಬೇಕು. ಫೋನನ್ನು ಸ್ಪೀಕರಿಗೆ ಹಾಕಿದೆ.

“ಅವ್ವಾ, ಅಯ್ಯನವರು ಹೇಳ್ಯಾರ, ಬ್ಯಾರೆ ಲಿಂಗ ಬರೂತನಕ ಅನ್ನ ಮುಟ್ಟೂ ಹಂಗಿಲ್ಲಂತ. ಹಾಲು, ಹಣ್ಣು ನಡೀತೈತಿ. ಊರಿಂದ ನಾ ತರಸ್ತೀನಿ. ಈಗೊಂದು ಬಾಳಿಹಣ್ಣರ ತಿನ್ನವ್ವಾ, ಶುಗರ್ ಇಳದು ಬಿದ್ದುಗಿದ್ದೀ.”

“ಎಷ್ಟು ದಿನ ಆಗತೈತಿ ಬರಾಕ?”

“ಹತ್ತು ಹನ್ನೆರಡು ದಿನ.”

ಮೇಘನಾ ಅಳತೊಡಗಿದಳು. ಮಫ್ಲರಿನಿಂದಲೇ ಇದಾಯಿತಲ್ಲ ಎಂಬುದು ಅವಳ ಸಂಕಟ. ಪಾರ್ವತಕ್ಕ ಅವಳ ಕೆನ್ನೆ ಒರೆಸಿ, ಫೋನಿನ ಹತ್ತಿರ ಬಾಯಿ ತಂದು ಹೇಳಿದರು, “ಮಹಾಂತೂ, ನಾ ಏನು ತಪ್ಪು ಮಾಡೀನಿ? ದಾರ ಹರದೈತಿ. ತಪ್ಪು ಮಾಡಿದವರಂಗ ಹನ್ನೆರಡು ದಿನ ಹಣ್ಣು ಹಿಡಕೊಂಡು ಹೊರಗ ಕುಂದರೂದಿಲ್ಲ ನಾ. ಇಡು ಫೋನು.”

ನಾಲ್ಕು ಗಂಟೆಗೆ ಕತ್ತಲಾಗುವ ಕಾಲ, ಮಾರ್ಕೆಟ್ಟಿನವರು ಅಂಗಡಿ ತೊಳೆಯುತ್ತಿದ್ದರು. ಜೀನ್ ನಮ್ಮ ತಟ್ಟೆಗಳನ್ನು ಎಸೆದಿರಲಿಲ್ಲ, ಒಲೆಯಲ್ಲಿ ಬೆಚ್ಚಗಿಟ್ಟಿದ್ದಳು. “ಸಿಗಲಿಲ್ಲವಾ ಬ್ಯಾಬ್?” ಅಂದಳು. ಪಾರ್ವತಕ್ಕ ತಲೆಯಾಡಿಸಿ, ಕಾರ್ತಿಕನ ಕೈ ಹಿಡಿದು ಕುರ್ಚಿಗೆ ಇಳಿದರು. ಟೋಪಿ ತೆಗೆದರು. ಹೊಸ ಕರವಸ್ತ್ರ ಹಾಸಿದರು. ಡಬ್ಬಿಯಿಂದ ವಿಭೂತಿ ತೆಗೆದು ಹಣೆಗೆ, ತೋಳಿಗೆ, ಕೊರಳಿಗೆ ಹಚ್ಚಿಕೊಂಡರು. ಆಮೇಲೆ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗೈ ತೆರೆದು, ಅದರೊಳಗೆ ನೋಡುತ್ತ ಕೂತರು.

ಅಂಗೈಯಲ್ಲಿ ಏನೂ ಇರಲಿಲ್ಲ. ನರ್ಸಮ್ಮನ ಸುಕ್ಕುಗಟ್ಟಿದ ಕೈ, ಹಿಮದ ಮಣ್ಣು ಇನ್ನೂ ಉಗುರಿನಲ್ಲಿ. ಯಾವತ್ತೂ ಎಷ್ಟು ಹೊತ್ತು ಕೂರುತ್ತಿದ್ದರೋ ಅಷ್ಟೇ ಹೊತ್ತು ಕೂತರು, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂಗೈಯನ್ನು ಕಣ್ಣಿಗೊತ್ತಿಕೊಂಡರು.

“ಲಿಂಗ ಕಳದೈತಿ, ಅಂಗೈ ಕಳದಿಲ್ಲ. ಉಣ್ರಿನ್ನ.”

ಉಂಡರು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ. ನಾನು ಏನೋ ಹೇಳಲು ಹೋದಾಗ ಚಮಚ ಎತ್ತಿ ತಡೆದರು. “ಕಳಕೊಂಡಿದ್ದಕ್ಕ ಅಳಾಕತ್ತೀನಿ. ಉಣ್ಣಾಕತ್ತಿದ್ದಕ್ಕಲ್ಲ. ಚಟ್ನಿಪುಡಿ ಹಾಕ್ಕೋ.” ಒಂದು ಆಲೂಗಡ್ಡೆ ಮುಗಿಸಿ ಇನ್ನೊಂದು ತರಿಸಿದರು. ಹಣೆಯ ಬೆವರು ಆರಿತು.

ಹನ್ನೆರಡನೆಯ ದಿನಕ್ಕೆ ಹುಬ್ಬಳ್ಳಿಯಿಂದ ಬಂದವರ ಕೈಯಲ್ಲಿ ಹೊಸ ಲಿಂಗ ಬಂತು, ಕಟ್ಟಿಕೊಂಡರು. ಹಳೆಯದು ಸಿಗಲೇ ಇಲ್ಲ. ಆ ಹನ್ನೆರಡು ದಿನ ಹೇಗೆ ಕಳೆದರು ಎಂದು ಕೂಟಗಳಲ್ಲಿ ಜನ ಅವರ ಬೆನ್ನ ಹಿಂದೆ ಮಾತಾಡಿದರು. ಅವರೆದುರು ಕೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು.

ಈ ವರ್ಷ ಎಲೆ ಉದುರುವ ಹೊತ್ತಿಗೆ ಪಾರ್ವತಕ್ಕ ಹೋಗಿಬಿಟ್ಟರು. ಬೆಳಿಗ್ಗೆ ಎದ್ದು ಚಹಾಕ್ಕಿಟ್ಟವರು ಅಡುಗೆಮನೆಯಲ್ಲೇ ಕುಸಿದರಂತೆ. ಮಣ್ಣು ಮಾಡುವ ದಿನ ನಾನು ರಜೆ ಹಾಕಿ ಹೋದೆ. ಸ್ಮಶಾನದ ಪಕ್ಕದ ಕೋಣೆಯಲ್ಲಿ ಅವರನ್ನು ಸಿದ್ಧಮಾಡಿ ಮಲಗಿಸಿದ್ದರು. ಮ್ಯಾಂಚೆಸ್ಟರಿನ ಅಯ್ಯನವರು ಬಂದಿದ್ದರು. ತೆಳ್ಳಗಿನ, ಮೆಲುದನಿಯ ಮುದುಕರು. ಕೋಪಿಷ್ಠರಿರಬೇಕು ಅಂದುಕೊಂಡಿದ್ದೆ, ಹಾಗಿರಲಿಲ್ಲ. ಪೂಜೆ ಶುರು ಮಾಡುವ ಮುಂಚೆ ಅವರು ಮಹಾಂತೇಶ್ ಅವರನ್ನು ಹತ್ತಿರ ಕರೆದು ಕೇಳಿದರು.

“ಲಿಂಗ ಇಲ್ಲದ ಆ ಹನ್ನೆರಡು ದಿನ ಅಕ್ಕಾರು ನೇಮ ಪಾಲಿಸಿದ್ರಲ್ಲ? ಇಲ್ಲಾಂದ್ರ ಮೊದಲು ಒಂದು ಪ್ರಾಯಶ್ಚಿತ್ತದ ವಿಧಿ ಮಾಡಬೇಕಾಗತೈತಿ. ಅದಕ್ಕ ಕೇಳಿದೆ.”

ಮಹಾಂತೇಶ್ ತಾಯಿಯ ಮುಖ ನೋಡಿದರು. “ಹಾಲು, ಹಣ್ಣು ಅಷ್ಟ ತಗೊಂಡಿದ್ಲು, ಅಯ್ಯನವರ” ಅಂದರು.

ಅಲ್ಲಿ ನಾನು ಯಾರು? ಅವರ ಜಾತಿಯವಳಲ್ಲ, ಬಂಧುವಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಇಡೀ ಆಯುಷ್ಯ ಮುಚ್ಚಿಟ್ಟು ಏನೂ ಮಾಡದ ಹೆಂಗಸನ್ನು, ಆಕೆಗೆ ಮಾತಾಡಲು ಬಾರದ ದಿನ, ಹಾಲು ಹಣ್ಣಿನ ಸುಳ್ಳಿನಲ್ಲಿ ಸುತ್ತಿ ಮಣ್ಣಿಗಿಡುವುದು ನನ್ನಿಂದ ನೋಡಲಾಗಲಿಲ್ಲ.

“ಇಲ್ಲ ಅಯ್ಯನವರೆ. ಉಂಡರು. ಮೊದಲನೆಯ ದಿನ ನಾನೇ ಜೊತೆಗಿದ್ದೆ. ಖಾಲಿ ಅಂಗೈಗೆ ಪೂಜೆ ಮಾಡಿ, ಮೇಜಿನ ಮುಂದೆ ಕೂತು, ಎರಡು ಸಲ ಹಾಕಿಸಿಕೊಂಡು ಉಂಡರು. ಅವರಿಗೆ ಪ್ರಾಯಶ್ಚಿತ್ತ ಬೇಡ.”

ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಮಹಾಂತೇಶ್ ನನ್ನನ್ನು ನೋಡಲಿಲ್ಲ. ಅಯ್ಯನವರ ಕಡೆ ತಿರುಗಿದರು.

“ಹೌದು. ಹನ್ನೆರಡೂ ದಿನ ಉಂಡಾಳ. ಡ್ಯೂಟಿ ಮುಗಿಸಿ ಬಂದು ನಾನ ಬಡಿಸೀನಿ, ಅಯ್ಯನವರ. ಪ್ರಾಯಶ್ಚಿತ್ತ ಬ್ಯಾಡ.”

ಅಯ್ಯನವರು ಅವರನ್ನೂ ನೋಡಿದರು, ನನ್ನನ್ನೂ ನೋಡಿದರು. ಪ್ರಾಯಶ್ಚಿತ್ತಕ್ಕೆಂದು ತೆಗೆದಿಟ್ಟಿದ್ದ ಗಂಟನ್ನು ಮತ್ತೆ ಕಟ್ಟಿ ಚೀಲಕ್ಕೆ ಹಾಕಿದರು. ಪಾರ್ವತಕ್ಕನ ಎಡಗೈಯನ್ನು ಎತ್ತಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ವಿಭೂತಿಯ ತಟ್ಟೆ ಇದ್ದ ಮೇಜಿನ ಪಕ್ಕ ನಿಂತಿದ್ದ ನನ್ನ ಕಡೆ ಕೈ ಚಾಚಿದರು.

“ಆ ವಿಭೂತಿ ತಟ್ಟಿ ಇತ್ತಾಗ ಕೊಡವ್ವಾ” ಅಂದರು.